ಸಿಂಧನೂರಿನ ಗದ್ದೆಯಲ್ಲೊಂದು ವೃತ್ತ

ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ ಸಿಂಧನೂರಿನಿಂದ ಯಾವ ದಾರಿ ಹಿಡಿದು ಹೊರಟರೂ ಕಣ್ಣಿಗೆ ಬೀಳುವುದು ಹೊನ್ನಿನ ಬಣ್ಣಕ್ಕೆ ತಿರುಗಿದ ಭತ್ತ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಸೀಮೆಯಾಗಿದ್ದ ಈ ಎರೆಭೂಮಿ ಭತ್ತದ ಕಣಜವಾಯಿತು. ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ದಿನ ಹಾಯಾಗಿದ್ದು ಬರುವುದಷ್ಟೇ ನನ್ನ ಉದ್ದೇಶವಾಗಿತ್ತು. ಆದರೆ ಜೊತೆಯಲ್ಲಿ ಅಕ್ಕನ ಮಗನಿದ್ದನು, ಹದಿನಾರರ ಪ್ರಾಯ. ಅಂಥವರನ್ನು ಕಟ್ಟಿಕೊಂಡು ಹೊರಟವನಿಗೆ ಹಾಯೆಂಬುದು ಎಲ್ಲಿಯದು?

“ಮಾಮ, ಇಲ್ಲಿ ಬನ್ನಿ!” ಎಂದು ಅವನು ಬದುವಿನ ಮೇಲಿಂದ ಕೂಗಿದನು. ನಿಂತ ಪೈರಿನ ನಡುವೆ ಎಂಟು ಮಾರು ಅಗಲದ ವೃತ್ತವೊಂದು ಚಾಪೆ ಹಾಸಿದಂತೆ ಮಲಗಿತ್ತು. ಅದರ ಅಂಚಿಗೆ ಮೂರು ಚಿಕ್ಕ ವೃತ್ತಗಳು. ನಡುವಣದು ಸೂರ್ಯ, ಉಳಿದವು ಗ್ರಹಗಳು, ಮುಂದೆ ಆಕಾಶದಲ್ಲಿ ಒದಗಲಿರುವ ಯಾವುದೋ ಯೋಗವನ್ನು ಇದು ಸೂಚಿಸುತ್ತದೆ ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದನು.

ಹುಡುಗನನ್ನು ದೂರಿ ಫಲವಿಲ್ಲ. ಇಂಗ್ಲೆಂಡಿನ ಗೋಧಿಯ ಹೊಲಗಳಲ್ಲಿ ರಾತ್ರೋರಾತ್ರಿ ಮೂಡುವ ಇಂಥ ವೃತ್ತಗಳಿಗೆ ಹಿರಿಯರೇ ಮರುಳಾಗಿದ್ದಾರೆ. ಡಗ್ ಬೋವರ್, ಡೇವ್ ಚಾರ್ಲಿ ಎಂಬ ಇಬ್ಬರು, ಹಲಗೆ ಮತ್ತು ಹಗ್ಗದಿಂದ ತಾವೇ ವರ್ಷಗಟ್ಟಲೆ ಅವುಗಳನ್ನು ಬರೆಯುತ್ತಿದ್ದುದಾಗಿ 1991ರಲ್ಲಿ ಒಪ್ಪಿಕೊಂಡು, ಮಾಡಿಯೂ ತೋರಿಸಿದರು. ನಂಬಿಕೆ ಮಾತ್ರ ಸಡಿಲಲಿಲ್ಲ. 2008ರ ಜುಲೈಯಲ್ಲಿ ಏವ್‌ಬರಿಯ ಬಳಿ ಸೌರಮಂಡಲದಂತಹ ಆಕೃತಿಯೊಂದು ಕಂಡಿತು; ಅದು 2012ರ ಡಿಸೆಂಬರ್ 21ರ ಗ್ರಹಸ್ಥಿತಿಯೆಂದೂ ಅಂದು ಮಹತ್ತಾದುದೇನೋ ಸಂಭವಿಸುವುದೆಂದೂ ಹಲವರು ಸಾರಿದರು. ಆ ದಿನ ಬಂದಿತು, ಹೋಯಿತು. ಗ್ರಹಗಳು ಎಂದು ಎಲ್ಲಿರುವುವೆಂಬುದನ್ನು ಹೇಳಲು ಗೋಧಿಯನ್ನು ತುಳಿಯಬೇಕಾಗಿಲ್ಲ. ಗಣಿತ ಬಲ್ಲವನು ಮನೆಯಲ್ಲಿ ಕುಳಿತೇ ಹೇಳಬಲ್ಲನು.

ಅಷ್ಟರಲ್ಲಿ ಗದ್ದೆಯ ಯಜಮಾನರು ಬಂದರು. ಹುಡುಗನ ವಿವರಣೆಯನ್ನು ತಾಳ್ಮೆಯಿಂದ ಕೇಳಿ, “ಅದು ಗ್ರಹ ಅಲ್ಲೋ ತಮ್ಮಾ, ನಮ್ಮ ಗ್ರಹಚಾರ” ಎಂದು ನಕ್ಕರು. “ಹತ್ತು ದಿನದ ಹಿಂದ ಜ್ಯೇಷ್ಠಾ ಮಳಿ ಗಾಳಿ ಕೂಡಿ ಬಂತು. ಗೊಬ್ಬರ ಹೆಚ್ಚು ಬಿದ್ದ ಕಡಿ ನೆಲ್ಲು ಮಲಗ್ಯಾದ. ಯಂತ್ರದ ಬಾಯಿಗೆ ಸಿಗಂಗಿಲ್ಲ, ಕುಡಗೋಲಿಂದಾನ ಕೊಯ್ಯಬೇಕು. ಕೂಲಿ ಹೋಗಿ ನಮಗೇನು ಉಳೀತದ?”

ಜ್ಯೇಷ್ಠಾ ಮಳೆ ಎಂದರೆ ಸೂರ್ಯನು ಜ್ಯೇಷ್ಠಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆ. ಹುಡುಗನು ಆಕಾಶವನ್ನು ಗದ್ದೆಯಲ್ಲಿ ಹುಡುಕುತ್ತಿದ್ದನು. ಯಜಮಾನರ ನಾಲಗೆಯ ಮೇಲೆ ಅದು ತಾನಾಗಿ ಇದ್ದಿತು.

ಮಾತು ಹಾಗೆಯೇ ಗ್ರಹಣದತ್ತ ತಿರುಗಿತು. ಸಿಂಧನೂರು ತಾಲ್ಲೂಕಿನ ಜವಳಗೇರಾ ಸಾಮಾನ್ಯ ಹಳ್ಳಿಯಲ್ಲ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ನಾಡನ್ನು ಹೊಕ್ಕು ರಾಯಚೂರು ಸೀಮೆಯನ್ನು ಹಾದುಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಈ ಜವಳಗೇರಾಕ್ಕೇ ಬಂದು ಉಪಕರಣಗಳನ್ನು ಹೂಡಿದ್ದರು. ಮೂರು ನಿಮಿಷ ತುಂಬುವುದರೊಳಗೆ ಮುಗಿದುಹೋಗುವ ಕತ್ತಲೆಗಾಗಿ ಅವರ ಸಿದ್ಧತೆಯೆಲ್ಲ. ಅವರು ಲೆಕ್ಕ ಹಾಕಿದ ದಿನ, ಲೆಕ್ಕ ಹಾಕಿದ ಗಳಿಗೆಯಲ್ಲಿ ನೆರಳು ಬಂದಿತು. ಭವಿಷ್ಯ ನುಡಿಯುವುದೆಂದರೆ ಹೀಗೆ!

“ಆಗ ನನಗ ಎಂಟು ವರ್ಷ ರೀ” ಎಂದರು ಯಜಮಾನರು. “ಅವ್ವ ಒಳಗ ಹಾಕಿ ಅಗಳಿ ಹಾಕಿದಳು. ಬಾಗಿಲ ಸಂದಿಯಾಗ ನೋಡಿದ್ರ ಕೊಕ್ಕರಿ ಎಲ್ಲ ಗಿಡಕ್ಕ ಹೊಂಟಿದ್ವು. ಅಷ್ಟ ಕಂಡಿದ್ದು. ಎಲ್ಲಿಂದಲೋ ಬಂದವರು ನೋಡಿ ಹೋದರು. ನಮ್ಮ ಊರ ಮ್ಯಾಲ ಬಂದದ್ದನ್ನ ನಾವ ನೋಡಲಿಲ್ಲ.”

ಒಂದೇ ಸ್ಥಳದ ಮೇಲೆ ಪೂರ್ಣಗ್ರಹಣ ಬೀಳುವುದು ಸರಾಸರಿ 375 ವರ್ಷಗಳಿಗೊಮ್ಮೆ. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಉತ್ತರಕ್ಕೆ ಪಯಣ. ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನವಿರುವ ಬಂಡೆಯ ಬಳಿಗೆ ಹೋದೆವು. ಬ್ರಾಹ್ಮೀ ಲಿಪಿಯನ್ನು 1837ರ ಹೊತ್ತಿಗೆ ಓದಿದ ಜೇಮ್ಸ್ ಪ್ರಿನ್ಸೆಪ್‌ನಿಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ಬಿರುದುಗಳಿದ್ದುವೇ ಹೊರತು ಹೆಸರಿರಲಿಲ್ಲ. ಆತನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಊಹಿಸಿದರು. 1915ರಲ್ಲಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಮಸ್ಕಿಯಲ್ಲಿ ಈ ಬಂಡೆಯನ್ನು ಕಂಡನು. ಅದರಲ್ಲಿ ‘ಅಸೋಕ’ ಎಂಬ ಹೆಸರೇ ಇದ್ದಿತು! ಎಪ್ಪತ್ತೆಂಟು ವರ್ಷ ಕಾದ ಊಹೆ ನಿಜವಾಯಿತು. “ಇಲ್ಲಿ ಬೇರೆ ಹೆಸರಿದ್ದಿದ್ದರೆ?” ಎಂದು ಕೇಳಿದನು ಹುಡುಗ. ಒಳ್ಳೆಯ ಪ್ರಶ್ನೆ. ಊಹೆ ಬಿದ್ದುಹೋಗುತ್ತಿತ್ತು ಎಂದೆ.

ಲಿಂಗಸುಗೂರಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಅಲ್ಲಿಂದ ಅದೇ ಹೆದ್ದಾರಿ ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ ಶಹಾಪುರಕ್ಕೆ ಹೋಗುತ್ತದೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯೇ ನಮ್ಮ ಗುರಿ. ಅಲ್ಲಿನ ಬಯಲಿನಲ್ಲಿ ಬೃಹತ್ ಶಿಲಾಯುಗದ ಜನರು ಗುಂಡುಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದಾರೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇವನ್ನು ಕುರಿತು ಬರೆದನು. ಈ ಸಾಲುಗಳು ಉತ್ತರಾಯಣ ದಕ್ಷಿಣಾಯನಗಳ ಸೂರ್ಯೋದಯದ ದಿಕ್ಕನ್ನು ತೋರುತ್ತವೆ ಎಂಬುದು ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರ ಅಭಿಪ್ರಾಯ.

ಡಿಸೆಂಬರ್ 22ರ ಬೆಳಗು, ಚಳಿಯಲ್ಲಿ ಶಾಲು ಹೊದ್ದು ನಿಂತೆವು. ಅಂದು ಸೂರ್ಯನು ಪೂರ್ವದಿಂದ ದಕ್ಷಿಣಕ್ಕೆ 24½ ಡಿಗ್ರಿ ಸರಿದು ಹುಟ್ಟುತ್ತಾನೆ. ಮಂಜಿನೊಳಗಿಂದ ಕೆಂಪಗೆ ಬಿಂಬ ಮೂಡಿತು. ಹುಡುಗನು ಓಡಾಡಿ ಎರಡು ಕಲ್ಲುಗಳನ್ನು ಹಿಡಿದು, “ಸರಿಯಾಗಿ ಇದೇ ಗೆರೆ!” ಎಂದು ಕುಣಿದನು.

“ಈಗ ನಿನ್ನ ಹುಟ್ಟಿದ ಹಬ್ಬದ ಸೂರ್ಯನಿಗೂ ಒಂದು ಗೆರೆ ಹುಡುಕು” ಎಂದೆ.

ಕೈಯಲ್ಲಿದ್ದ ಮೊಬೈಲಿನಲ್ಲಿ ಕೋನ ತೆಗೆದು, ಕಾಲು ಗಂಟೆಯಲ್ಲಿ ಅದನ್ನೂ ಹುಡುಕಿದನು. ಆಮೇಲೆ ಅವನ ಮುಖ ಸಣ್ಣದಾಯಿತು. ಸಮನಾದ ಚೌಕಗಳಲ್ಲಿ ಕಲ್ಲು ನಿಲ್ಲಿಸಿದರೆ, ಪೂರ್ವಕ್ಕೆ ಹನ್ನೊಂದು ಕಲ್ಲು, ದಕ್ಷಿಣಕ್ಕೆ ಐದು ಕಲ್ಲು ಎಣಿಸಿದಾಗ 24½ ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಬೇರೆ ಎಣಿಕೆಗೆ ಬೇರೆ ಕೋನ. ನೂರಾರು ಕಲ್ಲುಗಳಿರುವಲ್ಲಿ ಬೇಕೆಂದ ದಿಕ್ಕು ಸಿಕ್ಕೇ ಸಿಗುತ್ತದೆ. ಇದರಿಂದ ಕಾಮೇಶ್ವರ ರಾಯರ ಮಾತು ಸುಳ್ಳಾಯಿತೆಂದಲ್ಲ. ಅವರು ಹೇಳಿದ್ದು ಇಡೀ ಸಾಲುಗಳನ್ನು ಕುರಿತು, ಬಿಡಿ ಕಲ್ಲುಗಳನ್ನಲ್ಲ. ಹೊಸ ಬಯಲುಗಳಲ್ಲಿಯೂ ಅದೇ ಕೋನ ಮತ್ತೆ ಮತ್ತೆ ದೊರೆತರೆ ನಾನು ಸಂತೋಷದಿಂದ ತಲೆದೂಗುವೆನು.

ಸಿಂಧನೂರಿಗೆ ಹಿಂದಿರುಗಿದಾಗ ನಾಲ್ಕಾರು ಹೆಂಗಸರು ಆ ವೃತ್ತದಲ್ಲಿ ಬಗ್ಗಿ ಕುಡಗೋಲಾಡಿಸುತ್ತಿದ್ದರು. ಹುಡುಗನ ಸೂರ್ಯ ಅರ್ಧ ಸವೆದಿದ್ದನು. ಅವನು ಯಜಮಾನರ ಬಳಿಗೆ ಹೋಗಿ, 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವೆಂದೂ, ತಾನು ನೋಡಲು ತಕ್ಕ ಕನ್ನಡಕವನ್ನು ಕಳುಹಿಸುವೆನೆಂದೂ, ಬರಿಗಣ್ಣಿನಿಂದ ಮಾತ್ರ ನೋಡಬಾರದೆಂದೂ ಹೇಳಿದನು.

ಯಜಮಾನರು ಬೆರಳು ಮಡಚಿ ಎಣಿಸಿದರು. “ಪುಷ್ಯದ ಮಳಿ ಮುಗಿಯೋ ಹೊತ್ತು. ಮೋಡ ಬಿಡ್ತಂದ್ರ ಈ ಸಲ ಹೊರಗ ನಿಂತೇ ನೋಡ್ತೀನಿ, ತಮ್ಮಾ.”