ದೋಷ ಎಲ್ಲಿತ್ತು?

2021ರ ಜುಲೈ. ಶಾಲೆಗಳು ಇನ್ನೂ ತೆರೆದಿರಲಿಲ್ಲ. ನನ್ನ ಬೋಧನಾಭ್ಯಾಸದ ಪಾಠಗಳು ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಕೋಣೆಯಿಂದ ಆನ್‌ಲೈನ್‌ನಲ್ಲೇ ನಡೆಯಬೇಕಿತ್ತು. 9ನೇ ತರಗತಿ, ವಿಜ್ಞಾನ, ದ್ರವ್ಯದ ಸ್ಥಿತಿಗಳು. ಪಾಠಯೋಜನೆ, ಚಾರ್ಟು, ಪ್ರಶ್ನೆಗಳು ಎಲ್ಲವೂ ಸಿದ್ಧವಿದ್ದವು.

ಮೊದಲ ಮೂರು ಪಾಠಗಳಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರವೇ ಬರಲಿಲ್ಲ. ಮಕ್ಕಳ ಮುಖ ಕಾಣುತ್ತಿತ್ತು, ಹಾಜರಿ ಹೇಳುವ ದನಿಯೂ ಕೇಳುತ್ತಿತ್ತು. ಹಾಗಾಗಿ ನೆಟ್ ಸರಿಯಿದೆ ಎಂದುಕೊಂಡು, ರೆಕಾರ್ಡಿನಲ್ಲಿ ‘ವಿದ್ಯಾರ್ಥಿಗಳಲ್ಲಿ ಆಸಕ್ತಿಯ ಕೊರತೆ’ ಎಂದು ಬರೆದೆ. ಅದನ್ನು ಓದಿದ ಮಾರ್ಗದರ್ಶಕ ಶಿಕ್ಷಕಿ, “ಆಸಕ್ತಿ ಇಲ್ಲ ಅಂತ ಹೇಗೆ ಗೊತ್ತಾಯ್ತಮ್ಮ? ನಿಮ್ಮ ಮಾತು ನನಗೇ ಅರ್ಧ ಕೇಳಿಸಲಿಲ್ಲ” ಎಂದರು.

ಸಂಜೆ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ ಜಗಳವಾಡಿದೆ. ಹಾಲ್‌ನಲ್ಲಿ ಕುಳಿತು ಆಫೀಸು ಕೆಲಸ ಮಾಡುತ್ತಿದ್ದ ಅಣ್ಣ, “ಮೊದಲು ತಪ್ಪು ಎಲ್ಲಿದೆ ನೋಡು, ಆಮೇಲೆ ಬೈಯುವಂತೆ” ಎಂದು ಎದ್ದು ಬಂದ. ಲ್ಯಾಪ್‌ಟಾಪಿನಿಂದ ನಮ್ಮ ರೂಟರಿನ ವಿಳಾಸಕ್ಕೇ, ಅಂದರೆ 192.168.1.1ಕ್ಕೆ, ಪಿಂಗ್ ಕಳಿಸಿದ. ಹಾಲ್‌ನಲ್ಲಿ ಉತ್ತರ 2-3 ಮಿಲಿಸೆಕೆಂಡಿಗೆ ಬಂತು. ನನ್ನ ಕೋಣೆಯಲ್ಲಿ 300 ದಾಟಿತು, ಕೆಲವು ಬರಲೇ ಇಲ್ಲ. ಈ ಪಿಂಗ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಅಂದಮೇಲೆ ದೋಷ ಕಂಪನಿಯದಲ್ಲ, ಮನೆಯೊಳಗಿನದು.

ರೂಟರು ಕಬ್ಬಿಣದ ಬೀರುವಿನ ಹಿಂದಿತ್ತು. ನಡುವೆ ಎರಡು ಗೋಡೆ. ಜೊತೆಗೆ ಅಕ್ಕಪಕ್ಕದ ಮನೆಗಳ ವೈಫೈಗಳೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಕಿಕ್ಕಿರಿದಿದ್ದವು. ರೂಟರಿಗಿಂತ ಲ್ಯಾಪ್‌ಟಾಪಿನ ಸಂಕೇತ ದುರ್ಬಲ; ಅದಕ್ಕೇ ಮಕ್ಕಳು ನನಗೆ ಕೇಳುತ್ತಿದ್ದರು, ನಾನು ಅವರಿಗೆ ಕೇಳುತ್ತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪ್ರತಿ ಸಲ ಪರೀಕ್ಷಿಸಿದೆವು. ರೂಟರನ್ನು ಬೀರುವಿನ ಮೇಲಿಟ್ಟಾಗ ಸ್ವಲ್ಪ ಸುಧಾರಿಸಿತು. ಚಾನೆಲ್ ಬದಲಿಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಕೊನೆಗೆ ರಾಜಾಜಿನಗರದಿಂದ 15 ಮೀಟರ್ ಲ್ಯಾನ್ ವೈರ್ ತಂದು ನೇರವಾಗಿ ಜೋಡಿಸಿದಾಗ ಪೂರ್ತಿ ಸರಿಹೋಯಿತು.

ನಾಲ್ಕನೇ ಪಾಠದಲ್ಲಿ “ಒದ್ದೆ ಬಟ್ಟೆ ಹರಡಿದರೆ ಬೇಗ ಒಣಗುವುದೇಕೆ?” ಎಂದು ಕೇಳಿದಾಗ ಆರು ಮಕ್ಕಳು ಒಟ್ಟಿಗೇ ಉತ್ತರಿಸಿದರು. ಮೇಲ್ಮೈ ವಿಸ್ತೀರ್ಣ ಎಂಬ ಪದವೂ ಅವರ ಬಾಯಿಂದಲೇ ಬಂತು.

ಆದರೆ ಕೆಂಗೇರಿ ಕಡೆಯ ಒಬ್ಬ ಹುಡುಗಿ ಮಾತ್ರ ಇನ್ನೂ ಮೌನವಾಗಿದ್ದಳು. ಈ ಬಾರಿ ರೆಕಾರ್ಡು ಬರೆಯುವ ಮೊದಲು ಅವಳ ತಾಯಿಗೆ ಫೋನು ಮಾಡಿದೆ. “ಒಂದೇ ಮೊಬೈಲು ಮೇಡಂ. ದಿನಕ್ಕೆ ಒಂದೂವರೆ ಜಿಬಿ. ಬೆಳಿಗ್ಗೆ ತಮ್ಮನ ಕ್ಲಾಸಿಗೇ ಮುಗಿದುಹೋಗತ್ತೆ” ಎಂದರು. ಅಣ್ಣನ ಪಿಂಗ್‌ಗೆ ಸಿಗುವ ದೋಷವಲ್ಲ ಅದು. ಮರುದಿನದಿಂದ ಅಗತ್ಯವಿದ್ದಾಗ ಮಾತ್ರ ವಿಡಿಯೋ ಹಾಕಿದೆ. ಕಪ್ಪುಹಲಗೆಯ ಕೆಲಸದ ಫೋಟೋ, ಐದು ನಿಮಿಷದ ಧ್ವನಿ ಸಂದೇಶ, ಎರಡು ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ರಾತ್ರಿ ಒಂಬತ್ತೂವರೆಗೆ ಅವಳ ಉತ್ತರ ಬಂತು. ಎರಡೂ ಸರಿಯಿದ್ದವು.

ನೈದಾನಿಕ ಪರೀಕ್ಷೆ ಮೊದಲು, ಪರಿಹಾರ ಬೋಧನೆ ಆಮೇಲೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಮೊದಲ ಮೂರು ಪಾಠಗಳ ಷರಾ ಹೊಡೆದು ಹಾಕಿ, ಪಕ್ಕದಲ್ಲಿ ‘ಶಿಕ್ಷಕಿಯ ಧ್ವನಿ ತಲುಪಿಲ್ಲ, ಪಾಠ ಪುನಃ ಮಾಡಬೇಕು’ ಎಂದು ಬರೆದೆ. ಆ ಮೂರು ಪಾಠಗಳನ್ನೂ ಮತ್ತೆ ಮಾಡಿದೆ.