ಬಸ್ಸು ಬಂತೇನ್ರಿ?

ನಮ್ಮ ಹಾವೇರಿ ಕಡೆ ಪ್ರಶ್ನೆ ಕೇಳೋದು ಭಾಳ ಸರಳ. "ಹಾನಗಲ್ ಬಸ್ಸು ಬಂತು" ಅನ್ನೋದು ಸುದ್ದಿ. ಕೊನೆಗೆ ಒಂದು "ಏನ್ರಿ" ಸೇರಿಸಿದರೆ "ಹಾನಗಲ್ ಬಸ್ಸು ಬಂತೇನ್ರಿ?" ಅಂತ ಪ್ರಶ್ನೆ ರೆಡಿ. ಯಾವ ಪದಾನೂ ತನ್ನ ಜಾಗ ಬಿಡಬೇಕಿಲ್ಲ. ಇಂಗ್ಲಿಷ್‌ನಲ್ಲಿ ಹಾಗಲ್ಲ. "ದ ಬಸ್ ಹ್ಯಾಸ್ ಕಮ್" ಅನ್ನೋದು ಪ್ರಶ್ನೆ ಆಗಬೇಕಂದ್ರೆ "ಹ್ಯಾಸ್" ಎದ್ದು ಬಂದು ಬಸ್ಸಿನ ಮುಂದೆ ಕೂರಬೇಕು: "ಹ್ಯಾಸ್ ದ ಬಸ್ ಕಮ್?"

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಇದು ಕಿವಿಗೆ ಬಿದ್ದೇ ಬಂತು, ಯಾರೂ ನಿಯಮ ಹೇಳಿಕೊಡಲಿಲ್ಲ. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿ ಬಂದ ಗೆಳೆಯರು ನಮ್ಮ ಹಾಸ್ಟೆಲಿನಲ್ಲಿದ್ದಾರೆ. ಹೋದ ವರ್ಷ ಅವರಲ್ಲೊಬ್ಬ ಲ್ಯಾಬಿನಲ್ಲಿ ಎದ್ದು ನಿಂತು "ವೈ ದಿಸ್ ಎಲ್‌ಇಡಿ ಈಸ್ ನಾಟ್ ಗ್ಲೋಯಿಂಗ್?" ಅಂದ. ಹಿಂದಿನವರು ನಕ್ಕರು. ಎಲ್‌ಇಡಿ ಉಲ್ಟಾ ಕೂತಿತ್ತು, ತಿರುಗಿಸಿದ್ವಿ, ಹತ್ತಿತು. ಅವನು ಮಾತ್ರ ಆ ಸೆಮಿಸ್ಟರ್ ಪೂರ್ತಿ ಮತ್ತೊಂದು ಡೌಟ್ ಕೇಳಲಿಲ್ಲ.

ಅವನ ವಾಕ್ಯದ ಹಿಂದೆ ಒಂದು ಕಾರಣ ಇದೆ. ನಮ್ಮ ಕ್ರಿಯಾಪದದ ಬಾಲದಲ್ಲೇ ಕರ್ತೃ ಕೂತಿರ್ತಾನೆ. "ಹೊಂಟೀನಿ" ಅಂದ್ರೆ ನಾನು, "ಹೊಂಟಿ" ಅಂದ್ರೆ ನೀನು, "ಹೊಂಟಾನ" ಅಂದ್ರೆ ಅವನು. ಹಾಗಾಗಿ "ಬಂತು ನೋಡ್ರಿ ಹಾನಗಲ್ ಬಸ್ಸು!" ಅಂತ ಹಿಂದುಮುಂದು ಮಾಡಿದ್ರೂ ಅರ್ಥ ಕೆಡೋದಿಲ್ಲ, ಖುಷಿ ಜಾಸ್ತಿ ಆಗ್ತದೆ ಅಷ್ಟೆ. ಇಂಗ್ಲಿಷ್ ಕಾಲಕ್ರಮೇಣ ಇಂಥ ಪ್ರತ್ಯಯಗಳನ್ನ ಬಹುಪಾಲು ಕಳಕೊಂಡಿತು. ಅವುಗಳ ಕೆಲಸವನ್ನ ಈಗ ಪದದ ಜಾಗ ಮಾಡ್ತದೆ. ಷೇಕ್ಸ್‌ಪಿಯರ್ ಕಾಲದಲ್ಲಿ "ನೋ ಯೂ ಹಿಮ್?" ಅಂತ ಮುಖ್ಯ ಕ್ರಿಯಾಪದವನ್ನೇ ಮುಂದೆ ತರಬಹುದಿತ್ತು. "ಡೂ ಯೂ ನೋ ಹಿಮ್?" ಅನ್ನೋ ರೀತಿಯೊಂದೇ ಕಾಯಂ ಆಗಿದ್ದು ಆಮೇಲೆ.

ನೇರ ಪ್ರಶ್ನೆಯಲ್ಲಿ ಸಹಾಯಕ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವಿನ ಮುಂದೆ: "ವೇರ್ ಈಸ್ ಹಿ?" ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿದರೆ ಮತ್ತೆ ಸೀದಾ: "ಐ ಡೋಂಟ್ ನೋ ವೇರ್ ಹಿ ಈಸ್." ವಾಕ್ಯ "ನೆವರ್", "ಹಾರ್ಡ್‌ಲಿ" ಅಂತ ಶುರುವಾದರೆ ಪ್ರಶ್ನೆ ಅಲ್ಲದಿದ್ದರೂ ತಿರುಗ್ತದೆ: "ನೆವರ್ ಹ್ಯಾವ್ ಐ ಸೀನ್ ಇಟ್." ಆಪ್ಟಿಟ್ಯೂಡ್ ಟೆಸ್ಟಿಗೆ ಇಷ್ಟು ನೆನಪಿದ್ರೆ ಬಹಳ ಉಪಯೋಗ.

1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಓದಿದರು, ಇಂಗ್ಲಿಷ್ ಪ್ರೊಫೆಸರ್ ಆದರು. ಕನ್ನಡವೊಂದೇ ಪ್ರೌಢಶಾಲೆಯ ಪ್ರಥಮ ಭಾಷೆಯಾಗಲಿ ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಎರಡೂ ಭಾಷೆ ಒಂದೇ ತಲೆಯಲ್ಲಿ ಆರಾಮಾಗಿ ಇರಬಲ್ಲವು ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ.

ಮುಂದಿನ ಸಲ ಯಾರಾದ್ರೂ "ವೈ ದಿಸ್ ಈಸ್..." ಅಂತ ಶುರು ಮಾಡಿದ್ರೆ ಮೊದಲು ಉತ್ತರ ಕೊಡ್ರಿ. ನಿಯಮ ರೂಮಿಗೆ ಬಂದಮೇಲೆ ಹೇಳಬಹುದು, ಐದು ನಿಮಿಷ ಸಾಕು. ಪ್ರಶ್ನೆ ಕೇಳೋದನ್ನೇ ಬಿಟ್ಟವನಿಗೆ ನಾಲ್ಕು ವರ್ಷಾನೂ ಸಾಲೋದಿಲ್ಲ.