ಗಣಕಯಂತ್ರದೊಳಗಿನ ಬದುವನ್ನು ಸರಿಸಿದ್ದು



ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಅನೇಕರು ಬರೆಯುವರೆಂದೆಣಿಸಿ, ನಾವು ಗೃಹಕೃತ್ಯಕ್ಕೆ ಸೇರಿದ ಒಂದು ವಿಷಯವನ್ನು ಆರಿಸಿಕೊಂಡೆವು. ಒಂದೇ ಗಣಕಯಂತ್ರದಲ್ಲಿ ವಿಂಡೋಸ್, ಉಬುಂಟು ಎಂಬ ಎರಡು ಕಾರ್ಯವ್ಯವಸ್ಥೆಗಳು ವಾಸವಾಗಿರುವಾಗ, ಅವುಗಳ ನಡುವಣ ಮೇರೆಯನ್ನು ಅಪಾಯವಿಲ್ಲದೆ ಸರಿಸುವದು ಹೇಗೆಂಬದೇ ಆ ವಿಷಯವು.

ದೇವದುರ್ಗದಲ್ಲಿರುವ ನಮ್ಮ ಅಕ್ಕನವರು ಬಹುಕಾಲ ಉಪಾಧ್ಯಾಯಿನಿಯಾಗಿದ್ದು ಈಗ ವಿಶ್ರಾಂತರಾಗಿದ್ದಾರೆ. ಅವರ ಲ್ಯಾಪ್‌ಟಾಪಿನಲ್ಲಿ ಸಭೆಯ ದೀಕ್ಷಾಸ್ನಾನದ ಪಟ್ಟಿಯ ನಕಲೂ, ಅವರು ಬರೆದ ಪಾಠಗಳೂ, ನಮ್ಮ ತಾಯಿಯವರು ತೀರಿಕೊಳ್ಳುವದಕ್ಕೆ ಮುಂಚೆ ಹಾಡಿದ ಆರು ಕೀರ್ತನೆಗಳ ಧ್ವನಿಮುದ್ರಣವೂ ಇದ್ದವು. ಆ ಹಾಡುಗಳಿಗೆ ಬೇರೆ ಪ್ರತಿಯು ಎಲ್ಲಿಯೂ ಇರಲಿಲ್ಲ. ಬರಹಗಳೆಲ್ಲವೂ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದವು. ಯೂನಿಕೋಡಿಗೆ ಸೇರದ ಆ ಅಕ್ಷರಗಳು, ನುಡಿಯ ಫಾಂಟ್ ಇಲ್ಲದ ಕಡೆಯಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುವವು. ಆದುದರಿಂದ ವಿಂಡೋಸನ್ನು ಹೊರಗೆ ಹಾಕುವ ಹಾಗಿರಲಿಲ್ಲ. ಅತ್ತ 2025 ನೇ ಅಕ್ಟೋಬರ್ 14 ರಂದು ಹತ್ತನೆಯ ವಿಂಡೋಸಿಗೆ ಮೈಕ್ರೋಸಾಫ್ಟಿನವರ ಸಾಮಾನ್ಯ ಆಸರೆಯು ನಿಂತುಹೋಯಿತು. ಹನ್ನೊಂದನೆಯದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭಾಗವು ಆ ಹಳೆಯ ಯಂತ್ರದಲ್ಲಿಲ್ಲ. ಹೀಗಿರಲಾಗಿ ಮಾನ್ವಿಯಲ್ಲಿ ಓದುತ್ತಿರುವ ನಮ್ಮ ಅಣ್ಣನ ಮಗಳು ಅಂತರ್ಜಾಲದ ಕೆಲಸಗಳಿಗೆಂದು ಅದರಲ್ಲಿಯೇ ಉಬುಂಟುವಿಗೆ 40 ಜಿಬಿಯ ಒಂದು ಹಿಸ್ಸೆಯನ್ನು ಮಾಡಿಕೊಟ್ಟಿದ್ದಳು. ಕೆಲವು ತಿಂಗಳಲ್ಲಿ ಅದು ಕಂಠದವರೆಗೆ ತುಂಬಿತು. ಪಕ್ಕದ ವಿಂಡೋಸಿನ ಹಿಸ್ಸೆಯಲ್ಲಿಯಾದರೋ 190 ಜಿಬಿ ಬೀಳುಭೂಮಿಯಂತೆ ಬರಿದಾಗಿತ್ತು.

ಮೇರೆಗಲ್ಲನ್ನು ಸರಿಸುವದು ಸತ್ಯವೇದದಲ್ಲಿ ನಿಷಿದ್ಧವಾದದ್ದೇ ಸರಿ; ಇಲ್ಲಿ ಎರಡು ಹೊಲಗಳಿಗೂ ಒಡತಿ ಒಬ್ಬಳೇ ಆದ್ದರಿಂದ ಪಾಪವಿಲ್ಲವೆಂದು ಅಕ್ಕನವರೇ ನಕ್ಕು ಒಪ್ಪಿಕೊಂಡರು. ಆದರೂ ಅವರ ಭಯವು ನ್ಯಾಯವಾದದ್ದು. ಯಾವ ಹಿಸ್ಸೆಯು ಎಲ್ಲಿಂದ ಎಲ್ಲಿಯ ವರೆಗೆಂದು ಡಿಸ್ಕಿನ ಆರಂಭದಲ್ಲಿ ಒಂದು ಕೋಷ್ಟಕವು ಪಹಣಿಯ ಹಾಗೆ ಬರೆದಿರುತ್ತದೆ. ಜಿಪಿಟಿ ಎಂಬ ಈಗಿನ ಪದ್ಧತಿಯಲ್ಲಿ ಅದರ ಎರಡನೆಯ ಪ್ರತಿಯು ಡಿಸ್ಕಿನ ಕೊನೆಯಲ್ಲಿಯೂ ಇರುವದು. ಆದರೆ ಪಹಣಿಯನ್ನು ತಿದ್ದಿದ ಮಾತ್ರಕ್ಕೆ ಹೊಲದಲ್ಲಿನ ಪೈರು ಸರಿಯಲಾರದು. ಹಿಸ್ಸೆಯೊಳಗಿನ ಕಡತವ್ಯವಸ್ಥೆಯು ಮೊದಲು ತಾನೇ ಕುಗ್ಗಿ ಒಳಗೆ ಬರಬೇಕು. ಆಮೇಲೆ ಮಾತ್ರವೇ ಬದುವನ್ನು ಕೀಳಬೇಕು. ಈ ಕ್ರಮವು ತಪ್ಪಿದರೆ ಬದುವಿನ ಆಚೆಗೆ ಉಳಿದದ್ದು ಕೈಬಿಟ್ಟಂತೆಯೇ.

ಆ ಲ್ಯಾಪ್‌ಟಾಪಿನ ಬ್ಯಾಟರಿಯು ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಇನ್ವರ್ಟರ್ ಇರುವದರಿಂದ, ಅಕ್ಕನವರು ದೇವದುರ್ಗದಿಂದಲೂ ಹುಡುಗಿಯು ಮಾನ್ವಿಯಿಂದಲೂ ಒಂದು ಶನಿವಾರ ಬಸ್ಸಿನಲ್ಲಿ ಬಂದರು. ಪಕ್ಕದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ 1985 ರಿಂದ ವಿದ್ಯುತ್ತು ಹುಟ್ಟುತ್ತಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಗಾಳಿ ಎದ್ದ ಸಾಯಂಕಾಲ ನಮ್ಮ ಬೀದಿಯ ದೀಪವು ಆ ಹೆಮ್ಮೆಯನ್ನು ಲೆಕ್ಕಿಸುವದಿಲ್ಲ.

ಹುಡುಗಿಯು ಮೊದಲು ಯಂತ್ರದ ತಂಟೆಗೇ ಹೋಗಲಿಲ್ಲ. ಎಲ್ಲ ಕಡತಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲುಮಾಡಿ, ಅದನ್ನು ನಮ್ಮ ಯಂತ್ರಕ್ಕೆ ಜೋಡಿಸಿ, ಒಂದೊಂದನ್ನು ತೆರೆದು ತೋರಿಸಿದಳು. ತೆರೆದು ನೋಡದ ನಕಲನ್ನು ನಕಲೆಂದು ಎಣಿಸಬಾರದೆಂದು ಅವಳ ಮತವು. ನಮಗೂ ಅದು ಸರಿಯೆಂದೇ ತೋರಿತು. ಮೂರನೆಯ ಕೀರ್ತನೆಯಲ್ಲಿ ತಾಯಿಯವರು ನಡುವೆ ಕೆಮ್ಮಿ ಮತ್ತೆ ಮೊದಲಿನಿಂದ ಎತ್ತಿಕೊಂಡದ್ದು ಸಹ ಕೇಳಿಸಿತು. ಆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಅನಂತರ ವಿಂಡೋಸಿನೊಳಗೆ ಹೋಗಿ, ಬಿಟ್‌ಲಾಕರ್ ಬೀಗವಿದೆಯೋ ಎಂದು ಪರೀಕ್ಷಿಸಿದಳು. ಇದ್ದವರು ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಬೀಗವನ್ನು ತಡೆಹಿಡಿಯಬೇಕು. ಫಾಸ್ಟ್ ಸ್ಟಾರ್ಟಪ್ ಎಂಬದನ್ನೂ ನಿಲ್ಲಿಸಿದಳು. ಅದು ಇರುವ ವರೆಗೆ ವಿಂಡೋಸು ಮಲಗಿದಂತೆ ತೋರಿದರೂ ಪೂರಾ ಬಾಗಿಲು ಹಾಕಿಕೊಂಡಿರುವದಿಲ್ಲ. ಬಳಿಕ ವಿಂಡೋಸಿನದೇ ಆದ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಕುಗ್ಗಿಸಹೋದರೆ, 190 ಜಿಬಿ ಖಾಲಿಯಿದ್ದರೂ 30 ನ್ನು ಮಾತ್ರ ಬಿಡಲೊಪ್ಪಿತು! ಕದಲಿಸಲಾಗದ ಕೆಲವು ಕಡತಗಳು ನಡುಹೊಲದ ಬಂಡೆಗಳಂತೆ ದೂರದಲ್ಲಿ ಕೂತಿದ್ದವು. ಹೈಬರ್ನೇಷನ್ನನ್ನೂ ಪೇಜ್‌ಫೈಲನ್ನೂ ತಾತ್ಕಾಲಿಕವಾಗಿ ತೆಗೆದು ಯಂತ್ರವನ್ನು ಪುನಃ ಆರಂಭಿಸಿದಾಗ ಅದು ಉದಾರವಾಯಿತು. 80 ಜಿಬಿ ಸಾಕೆಂದು ತೆಗೆದುಕೊಂಡು, ವಿಂಡೋಸಿಗೆ ಉಸಿರಾಡುವಷ್ಟು ಸ್ಥಳವನ್ನು ಉಳಿಸಿದಳು.

ಉಬುಂಟು ತಾನು ನಿಂತಿರುವ ನೆಲವನ್ನು ತಾನೇ ಸರಿಸಲಾರದು. ಆದ್ದರಿಂದ ಪೆನ್‌ಡ್ರೈವಿನಿಂದ ಯಂತ್ರವನ್ನೆಬ್ಬಿಸಿ ಜಿಪಾರ್ಟೆಡ್ ಎಂಬ ಸಾಧನವನ್ನು ತೆರೆದಳು. ಆರಂಭದಲ್ಲಿರುವ 100 ಎಂಬಿಯ ಇಎಫ್‌ಐ ಹಿಸ್ಸೆಯನ್ನು ಮುಟ್ಟಲೇಬಾರದು. ಎರಡು ವ್ಯವಸ್ಥೆಗಳನ್ನೂ ಎಬ್ಬಿಸುವವರು ಅಲ್ಲಿಯೇ ಇರುವರು. ಖಾಲಿ ಸ್ಥಳವು ಉಬುಂಟುವಿನ ಬಲಕ್ಕಿದ್ದರೆ ಬೆಳೆಸುವದು ನಿಮಿಷಗಳ ಕೆಲಸ. ನಮ್ಮದು ಎಡಕ್ಕಿತ್ತು. ಎಡಕ್ಕೆ ಬೆಳೆಸಬೇಕಾದರೆ ಒಳಗಿರುವದೆಲ್ಲವನ್ನೂ ಹೊಸ ಆರಂಭಕ್ಕೆ ಎತ್ತಿ ಇಡಬೇಕು; ನಡುವೆ ನಿಂತರೆ ಎರಡೂ ಕಡೆಗೆ ಸಲ್ಲದು. ಫೋಟೋ ಮುಂತಾದವುಗಳಿಂದಲೇ ಜಾಗ ತುಂಬಿದವರು, ಏನನ್ನೂ ಸರಿಸದೆ ಆ ಬಯಲಿನಲ್ಲಿ ಮೂರನೆಯ ಹಿಸ್ಸೆಯೊಂದನ್ನು ಮಾಡಿ ಅವುಗಳನ್ನು ಅಲ್ಲಿಡುವದೇ ಲೇಸು. ಅಕ್ಕನವರಲ್ಲಿ ಉಬುಂಟುವಿನ ಮೂಲಭಾಗವೇ ತುಂಬಿದ್ದರಿಂದ ಬೇರೆ ದಾರಿಯಿರಲಿಲ್ಲ.

ಕೆಲಸವು ಒಂದೂವರೆ ಗಂಟೆ ನಡೆಯಿತು. ಎರಡು ಸಾರಿ ಕರೆಂಟ್ ಹೋಗಿ, ಇನ್ವರ್ಟರ್ ಕಟ್ಟೆಂದು ಸದ್ದುಮಾಡಿ ಹೊತ್ತುಕೊಂಡಿತು. ಅಕ್ಕನವರು ಅಡಿಗೆಮನೆಯ ಫ್ಯಾನನ್ನು ಸಹ ಹಾಕಗೊಡಲಿಲ್ಲ.

ಮುಗಿದ ಮೇಲೆ ಉಬುಂಟು 120 ಜಿಬಿಯ ಹಿಸ್ಸೆಯಲ್ಲಿ ಎದ್ದಿತು. ತೆಗೆದಿದ್ದ ಪೇಜ್‌ಫೈಲನ್ನು ವಿಂಡೋಸಿಗೆ ತಿರಿಗಿ ಕೊಟ್ಟಾಯಿತು. ದೀಕ್ಷಾಸ್ನಾನದ ಪಟ್ಟಿಯು ನುಡಿಯಲ್ಲಿ ಮೊದಲಿನಂತೆಯೇ ತೆರೆಯಿತು. ಲ್ಯಾಪ್‌ಟಾಪು ದೇವದುರ್ಗಕ್ಕೆ ಹೋಯಿತು. ಹೊರಗಿನ ಹಾರ್ಡ್‌ಡಿಸ್ಕನ್ನು ಹುಡುಗಿಯು ಮಾನ್ವಿಗೆ ಒಯ್ದಳು. ಯಂತ್ರವೂ ನಕಲೂ ಒಂದೇ ಮನೆಯಲ್ಲಿರಬಾರದೆಂದು ಅಕ್ಕನವರೇ ಹೇಳಿದ್ದರು.